ತಗ್ಗಿನಲ್ಲಿ ಬಿಟ್ಟ ನಳ

ನನ್ನ ಅಕ್ಕನ ಗಂಡ ಪೈಪ್‌ಲೈನ್ ಗುತ್ತಿಗೆದಾರರು. ನಾವು ಅವರನ್ನು ದಾಜಿ ಎನ್ನುತ್ತೇವೆ. ಗಡಿಯ ಈ ಕಡೆ ಅಕ್ಕನ ಗಂಡನಿಗೆ ಮರಾಠಿಯಿಂದ ಬಂದ ಆ ಹೆಸರೇ ರೂಢಿ. ಕೃಷ್ಣೆಯ ದಂಡೆಯಿಂದ ನೀರೆತ್ತಿ ದೂರದ ಕಬ್ಬಿನ ಹೊಲಗಳಿಗೆ ಒಯ್ಯುವ ಪೈಪು ಹೂಳುವುದು ಅವರ ಕೆಲಸ. ಅಥಣಿ, ಕಾಗವಾಡ, ರಾಯಬಾಗದ ಕಡೆ ನೆಲದೊಳಗೆ ಅವರ ಪೈಪು ಎಲ್ಲಿ ಹಾದಿದೆ ಎಂದು ಮೇಲೆ ನಡೆಯುವವರಿಗೆ ಗೊತ್ತಾಗುತ್ತಿದ್ದದ್ದು ಒಂದೇ ಗುರುತಿನಿಂದ: ದಾರಿಯ ಬದಿಗೆ ಮೊಣಕಾಲೆತ್ತರದಲ್ಲಿ ನಿಂತ ಒಂದು ನಳ.

ಉದ್ದದ ಪೈಪ್‌ಲೈನು ಏರಿ ಇಳಿದು ಹೋಗುವಾಗ ತೀರ ತಗ್ಗಿನ ಜಾಗದಲ್ಲಿ ನದಿಯ ರಾಡಿ ಬಂದು ಕೂಡುತ್ತದೆ. ಅದನ್ನು ಹೊರಗೆ ಬಿಡಲು ಅಲ್ಲೊಂದು ವಾಲ್ವ್ ಇಡುತ್ತಾರೆ. ಉಳಿದ ದಿನಗಳಲ್ಲಿ ಅದರ ಬಾಯಿಗೆ ಬೂಚು ತಿರುಗಿಸಿ ಮುಚ್ಚುವುದು ಎಲ್ಲರ ಪದ್ಧತಿ. ದಾಜಿ ಬೂಚಿನ ಬದಲು ನಳ ಕೂಡಿಸುತ್ತಿದ್ದರು. ಲೈನಿನ ಮಾಲೀಕರೊಡನೆ ಅದನ್ನು ಮೊದಲೇ ಮಾತಾಡಿಕೊಂಡಿರುತ್ತಿದ್ದರು. ಹೊಲದ ಆಳುಗಳು, ಕಬ್ಬು ಕಡಿಯಲು ಬಂದ ಗ್ಯಾಂಗಿನವರು, ಕುರಿ ಕಾಯುವವರು ಅಲ್ಲಿ ಬಗ್ಗಿ ನೀರು ಕುಡಿದು ಮುಖ ತೊಳೆದುಕೊಂಡು ಹೋಗುತ್ತಿದ್ದರು. ಯಾರೂ ಆ ನಳಗಳಿಗೆ ದಾಜಿಯ ಹೆಸರು ಹೇಳುತ್ತಿರಲಿಲ್ಲ, ಅವರೂ ಹೇಳಿಸಿಕೊಳ್ಳುತ್ತಿರಲಿಲ್ಲ. ಹೇಳಿಕೊಳ್ಳುತ್ತಿದ್ದವಳು ಅಕ್ಕ ಮಾತ್ರ, ಅದೂ ಚೇಷ್ಟೆಯ ಧಾಟಿಯಲ್ಲಿ.

"ಕಂಡಕಂಡಲ್ಲಿ ನಳಾ ಕೂಡಸ್ತೀರಲ್ರಿ, ನನ್ನ ತಲಿಗೂ ಒಂದ ಕೂಡಿಸಿಬಿಡ್ರಿ. ಸಿಟ್ಟು ಬಂದಾಗೊಮ್ಮೆ ತಿರುವಿ ಬಿಡ್ತೇನಿ."

"ನಿನ್ನ ಸಿಟ್ಟಿನ ಪ್ರೆಶರಿಗೆ ತಡಿಯೂ ನಳಾ ಇನ್ನೂ ಬಂದಿಲ್ಲಬೇ" ಎನ್ನುತ್ತಿದ್ದರು ದಾಜಿ.

ಎರಡು ಸಾವಿರದ ಹತ್ತರ ನಂತರದ ಒಂದು ವರ್ಷ ಅಥಣಿಯ ಖಾಸಗಿ ಆಸ್ಪತ್ರೆಯೊಂದು ಹೊಸ ಕಟ್ಟಡಕ್ಕೆ ಹೋಯಿತು. ಅದರ ಹೆಸರು ಇಲ್ಲಿ ಬೇಕಾಗಿಲ್ಲ. ಗೋಡೆಗೊಂದು ಎಸಿ ನೇತುಹಾಕುವ ಬದಲು ಇಡೀ ಕಟ್ಟಡಕ್ಕೆ ಒಂದೇ ವ್ಯವಸ್ಥೆ ಮಾಡಿಸಿದ್ದರು. ಗಚ್ಚಿನ ಮೇಲೆ, ಅಂದರೆ ತಾರಸಿಯಲ್ಲಿ, ನೀರನ್ನು ತಣ್ಣಗೆ ಮಾಡುವ ದೊಡ್ಡ ಯಂತ್ರ. ಅಲ್ಲಿಂದ ನೀರು ಪೈಪಿನಲ್ಲಿ ಇಳಿದು ಪ್ರತಿ ಕೋಣೆಯ ಮಾಡಿನಲ್ಲಿ ಕೂಡಿಸಿದ ತಗಡಿನ ಪೆಟ್ಟಿಗೆಯೊಳಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ತಾಮ್ರದ ನಳಿಗೆಗಳ ಸುರುಳಿ ಇರುತ್ತದೆ, ಅದರ ಹಿಂದೆ ಫ್ಯಾನು. ಫ್ಯಾನಿನ ಗಾಳಿ ತಣ್ಣನೆಯ ಸುರುಳಿಯನ್ನು ಹಾಯ್ದು ಕೋಣೆಗೆ ಬರುತ್ತದೆ. ಕೆಲಸ ಮುಗಿಸಿದ ನೀರು ಇನ್ನೊಂದು ಪೈಪಿನಲ್ಲಿ ಮರಳಿ ಮೇಲೆ ಹೋಗುತ್ತದೆ. ಅದೇ ನೀರು, ಮತ್ತೆ ಮತ್ತೆ. ಈ ಪೆಟ್ಟಿಗೆಗೆ ಫ್ಯಾನ್ ಕಾಯಿಲ್ ಎಂದು ಹೆಸರು.

ಯಂತ್ರ ಕೂಡಿಸಲು ಕೊಲ್ಹಾಪುರದಿಂದ ಒಬ್ಬ ಮಿಸ್ತ್ರಿ ಬಂದಿದ್ದ. ಪೈಪಿನ ಕೆಲಸ ದಾಜಿಗೆ ಸಿಕ್ಕಿತು. ಪತ್ರಿಕೆಯ ಸುದ್ದಿಯ ಕೆಲಸಕ್ಕೆ ನಾನು ಚಿಕ್ಕೋಡಿಯಿಂದ ಆ ಕಡೆ ಹೋದಾಗಲೆಲ್ಲ ಅವರನ್ನು ಕಾಣುತ್ತಿದ್ದೆ. ಹೊಲದ ಪೈಪಿನ ಮನುಷ್ಯ ಕಟ್ಟಡದೊಳಗಿನ ನಾಜೂಕಿನ ಕೆಲಸ ಕಲಿಯುವುದನ್ನು ನೋಡಲು ಚೆನ್ನಾಗಿತ್ತು. ಪೆಟ್ಟಿಗೆಗೆ ಪೈಪು ಬಿಗಿಯುವಾಗ ಮಿಸ್ತ್ರಿ ಎರಡು ಪಾನಾ, ಅಂದರೆ ಸ್ಪ್ಯಾನರು, ಹಿಡಿಸುತ್ತಿದ್ದ. ಸುರುಳಿಯ ಬಾಯಿಯನ್ನು ಒಂದರಿಂದ ಅಲುಗದಂತೆ ಹಿಡಿಯಬೇಕು, ಇನ್ನೊಂದರಿಂದ ನಟ್ಟು ತಿರುಗಿಸಬೇಕು. ಒಂದೇ ಪಾನಾ ಹಾಕಿ ಎಳೆದರೆ ತಾಮ್ರ ತಿರುಚಿ ಒಳಗೆಲ್ಲೋ ಸೀಳುತ್ತದೆ.

"ಏಕ ಪಾನಾ ಧರಾಯ್ಚಾ, ದುಸರಾ ಫಿರವಾಯ್ಚಾ" ಎಂದು ಮಿಸ್ತ್ರಿ ಕೈಯಲ್ಲಿ ತೋರಿಸುತ್ತಿದ್ದ.

"ನಮ್ಮ ಪೈಪಿಗೆ ಮೂರು ಮಂದಿ ಜೋತುಬಿದ್ದರೂ ಏನೂ ಆಗೂದಿಲ್ಲ. ಇದು ಹೊಸಾ ಸೊಸಿಗತೆ, ಸ್ವಲ್ಪ ಜೋರು ಮಾಡಿದರ ತವರಿಗೆ ಹೊಂಡತೈತಿ" ಎಂದು ದಾಜಿ ನಗುತ್ತಿದ್ದರು. ಆದರೆ ಹೇಳಿದಂತೆಯೇ ಮಾಡುತ್ತಿದ್ದರು. ಪೆಟ್ಟಿಗೆಯ ಎರಡೂ ಕಡೆ ವಾಲ್ವ್ ಇಟ್ಟರು. ಸುರುಳಿಯ ಮೇಲೆ ಕಟ್ಟುವ ಬೆವರು ಹರಿದು ಹೋಗುವ ಸಣ್ಣ ಪೈಪಿಗೆ ಇಳಿಜಾರು ಕೊಟ್ಟರು. ಪೈಪಿಗೆಲ್ಲ ಕರಿ ಫೋಮು ಸುತ್ತಿದರು. ಕೊನೆಗೆ, ದುರಸ್ತಿಯ ದಿನ ನೀರನ್ನೆಲ್ಲ ಖಾಲಿ ಮಾಡಲು ಬೇಕೆಂದು, ಕಟ್ಟಡದ ಹಿಂದೆ, ಮರಳಿ ಹೋಗುವ ಪೈಪು ಎಲ್ಲಕ್ಕಿಂತ ತಗ್ಗಿರುವ ಜಾಗದಲ್ಲಿ ಒಂದು ವಾಲ್ವ್ ಕೂಡಿಸಿ ಬಾಯಿಗೆ ಬೂಚು ಹಾಕಿದರು. ಮಿಸ್ತ್ರಿ ಈ ಪೈಪುಗಳಿಗೆ ನೀರು ತುಂಬುವ ಗಚ್ಚಿನ ಮೇಲಿನ ಟಾಕಿಯಲ್ಲಿ ಒಂದು ಕ್ಯಾನಿನಿಂದ ಏನನ್ನೋ ಸುರಿದ. ಅದೇನೆಂದು ದಾಜಿ ಕೇಳಿದಾಗ, ಒಳಗೆ ತುಕ್ಕು ಹಿಡಿಯದಿರಲಿ ಎಂದು ಹಾಕುವುದು ಎಂದ. ತುಕ್ಕಿಲ್ಲದ ನೀರು ಶುದ್ಧ ನೀರು ಎಂದು ದಾಜಿ ತಿಳಿದರು. ಇದನ್ನು ಅವರೇ ಆಮೇಲೆ ನನಗೆ ಹೇಳಿದ್ದು.

ಮುಂದಿನ ಬೇಸಿಗೆಯಲ್ಲಿ ಆಸ್ಪತ್ರೆಯ ಕುಡಿಯುವ ನೀರಿನ ಫಿಲ್ಟರು ಕೆಟ್ಟು ಕುಳಿತಿತು. ರೋಗಿಗಳ ಜೊತೆ ಬಂದವರು ಹಿಂದಿನ ಅಂಗಳದಲ್ಲಿ ಪತ್ರಾಸಿನ, ಅಂದರೆ ತಗಡಿನ ಚಪ್ಪರದ ನೆರಳಲ್ಲಿ ಇರುತ್ತಿದ್ದರು. ಬಾಟಲಿ ಹಿಡಿದು ರಸ್ತೆಯಾಚೆಯ ಹೋಟೆಲಿಗೆ ಹೋಗಿ ಬರುತ್ತಿದ್ದರು. ಬೇರೆ ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ದಾಜಿ ಅದನ್ನು ನೋಡಿದರು. ಪತ್ರಾಸಿನ ಪಕ್ಕದಲ್ಲೇ ತಗ್ಗಿನ ವಾಲ್ವ್ ಇತ್ತು. ಚೀಲದಲ್ಲಿ ನಳವೂ ಇತ್ತು. ಬೂಚು ತೆಗೆದು ನಳ ಕೂಡಿಸಿದರು. ಯಾರನ್ನೂ ಕೇಳಲಿಲ್ಲ. ಕೇಳಬೇಕಾದ ಕೆಲಸ ಎಂದು ಅವರಿಗೆ ಅನಿಸಿರಲಿಲ್ಲ. ನೀರು ಫ್ರಿಜ್ಜಿನಿಂದ ತೆಗೆದಂತೆ ತಣ್ಣಗೆ ಬಂತು. ಗೇಟಿನ ಕಾವಲುಗಾರನೇ ಮೊದಲು ಕುಡಿದು, "ದೇವರು ನಿಮಗ ಚಲೋ ಮಾಡ್ಲಿರಿ" ಎಂದನಂತೆ. ನಾನೂ ಒಮ್ಮೆ ಅಲ್ಲಿ ಕುಡಿದಿದ್ದೇನೆ. ತುಸು ತಗಡಿನ ರುಚಿ ಇತ್ತು, ಅದು ಬಿಟ್ಟರೆ ನೀರಿನಂತೆಯೇ ಇತ್ತು.

ಆ ಬೇಸಿಗೆ ಮಿಸ್ತ್ರಿ ಕೊಲ್ಹಾಪುರದಿಂದ ಮತ್ತೆ ಮತ್ತೆ ಬರಬೇಕಾಯಿತು. ಮೇಲಿನ ಮಾಳಿಗೆಯ ಕೋಣೆಗಳು ತಣ್ಣಗಾಗುತ್ತಿರಲಿಲ್ಲ. ಪೆಟ್ಟಿಗೆಯೊಳಗೆ ಗುಳುಗುಳು ಸದ್ದು. ಹೊಸ ನೀರಿನ ಜೊತೆ ಬಂದ ಗಾಳಿ ಸುರುಳಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅವನು ಸಣ್ಣ ಸ್ಕ್ರೂ ಸಡಿಲಿಸಿ ಗಾಳಿ ಬಿಡುತ್ತಿದ್ದ. ಎರಡು ದಿನ ಚೆನ್ನಾಗಿರುತ್ತಿತ್ತು, ಮತ್ತೆ ಅದೇ. ಗಚ್ಚಿನ ಟಾಕಿಯ ಫ್ಲೋಟು ಹಗಲೆಲ್ಲ ಬೋರಿನ ನೀರು ಎಳೆಯುತ್ತಿತ್ತು.

"ಪಾಣೀ ಜಾತಂಯ ಕುಠಂ?" ನೀರು ಹೋಗುವುದಾದರೂ ಎಲ್ಲಿಗೆ ಎಂದು ಅವನು ಮಾಡಿನ ಹಲಗೆ ತೆಗೆತೆಗೆದು ಹುಡುಕಿದ. ಎಲ್ಲೂ ಒಂದು ಹನಿ ಸೋರಿರಲಿಲ್ಲ. ಹಿಂದಿನ ಅಂಗಳಕ್ಕೆ ಅವನು ಹೋಗಲಿಲ್ಲ. ಅಲ್ಲಿ ಬೂಚು ಹಾಕಿದ್ದನ್ನು ತಾನೇ ನೋಡಿದ್ದ. ಪರೀಕ್ಷೆ ಮಾಡಿದಾಗ ತುಕ್ಕಿನ ಔಷಧಿ ನೀರಿನಲ್ಲಿ ಉಳಿದೇ ಇರಲಿಲ್ಲ. ಅದಕ್ಕೆ ಇಡೀ ಕ್ಯಾನು ಸುರಿದು ಕೊಲ್ಹಾಪುರಕ್ಕೆ ಹೋದ.

ಅಕ್ಕನ ಮಗಳು ಹೆರಿಗೆಗೆಂದು ಆ ಆಸ್ಪತ್ರೆಯಲ್ಲಿ ಇದ್ದದ್ದು ಅದೇ ವಾರ. ಸಿಸೇರಿಯನ್ ಆಗಿ ಹೆಣ್ಣು ಕೂಸು ಹುಟ್ಟಿತ್ತು. ತಾಯಿಗೆ ಹಾಲು ಇನ್ನೂ ಸರಿಯಾಗಿ ಇಳಿದಿರಲಿಲ್ಲ. ಡಬ್ಬಿಯ ಪುಡಿಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಕದಡಿ ಕುಡಿಸಿ ಎಂದು ಹೇಳಿದ್ದರು. ಅಕ್ಕ ನೀರು ತರುತ್ತಿದ್ದದ್ದು ಹಿಂದಿನ ನಳದಿಂದ. ಪಕ್ಕದ ಹಾಸಿಗೆಯ ಕಡೆಯವರಿಗೂ ಅವಳೇ ತೋರಿಸಿದ್ದಳು: "ಹೊಟೇಲಿಗೆ ಯಾಕ ಹೋಗ್ತೀರಿ, ಹಿಂದ ನಮ್ಮ ಮನಿಯವರು ನಳಾ ಬಿಟ್ಟಾರಲ್ರಿ."

ಕೂಸನ್ನು ನೋಡಲು ನಾನು ಮಧ್ಯಾಹ್ನದ ಹೊತ್ತಿಗೆ ಹೋದೆ. ಅಕ್ಕನ ಮಗಳು ಕಿಟಕಿಯ ಬೆಳಕಿಗೆ ಕೂಸಿನ ಮುಖ ತಿರುಗಿಸಿ ನೋಡುತ್ತಿದ್ದಳು.

"ಮಾಮಾ, ಇದರ ತುಟಿ ನೋಡ್ರಿ. ಮುಂಜಾನಿ ಹಿಂಗಿರಲಿಲ್ಲ."

ತುಟಿ ಬೂದಿನೀಲಿ ಬಣ್ಣಕ್ಕೆ ತಿರುಗಿತ್ತು, ಉಗುರುಗಳೂ ಹಾಗೇ. ಅಳು ಬರುತ್ತಿತ್ತು, ಆದರೆ ದನಿ ಇರಲಿಲ್ಲ. "ಥಂಡಿ ಆಗೇತಿ, ಮ್ಯಾಲಿನ ಆ ಪೆಟ್ಟಿಗಿ ಬಂದ್ ಮಾಡಸು" ಎಂದಳು ಅಕ್ಕ. ಫ್ಯಾನು ನಿಲ್ಲಿಸಿದೆವು. ಕೂಸಿಗೆ ಇನ್ನೊಂದು ದುಪಟಿ ಹೊದಿಸಿದೆವು. ಬಣ್ಣ ಬದಲಾಗಲಿಲ್ಲ. ಮಕ್ಕಳ ಡಾಕ್ಟರು ಬಂದು ಆಕ್ಸಿಜನ್ ಇಟ್ಟರು. ಆಕ್ಸಿಜನ್ ಹೋಗುತ್ತಲೇ ಇತ್ತು, ತುಟಿ ಹಾಗೆಯೇ ಇತ್ತು. ಪರೀಕ್ಷೆಗೆ ತೆಗೆದ ರಕ್ತ ಸಿರಿಂಜಿನಲ್ಲಿ ಕೆಂಪಗಿರಲಿಲ್ಲ, ಸಕ್ಕರೆ ಕಾರ್ಖಾನೆಯ ಕಾಕಂಬಿಯ ಕಡುಕಂದು ಬಣ್ಣಕ್ಕಿತ್ತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇಲ್ಲಿ ಬ್ಯಾಡ, ಮಿರಜಿಗೆ ಒಯ್ರಿ. ಈಗಿಂದೀಗ" ಎಂದರು.

ಅಥಣಿಯಿಂದ ಕಾಗವಾಡ, ಕಾಗವಾಡದಿಂದ ಮಿರಜ. ನಮ್ಮ ಕಡೆಯವರಿಗೆ ಜೀವದ ಪ್ರಶ್ನೆ ಬಂದಾಗ ಗೊತ್ತಿರುವ ದಾರಿ ಅದು. ಹೊಲಿಗೆ ಇನ್ನೂ ಹಸಿಯಿದ್ದ ಅಕ್ಕನ ಮಗಳು ಅಥಣಿಯಲ್ಲೇ ಉಳಿದಳು. ಆಂಬ್ಯುಲೆನ್ಸಿನಲ್ಲಿ ಕೂಸಿನ ಜೊತೆ ನರ್ಸು, ಅಕ್ಕ ಮತ್ತು ನಾನು. ದಾಜಿ ಹಿಂದೆ ಬೈಕಿನಲ್ಲಿ ಬಂದರು. ಅಕ್ಕನ ಮಡಿಲಲ್ಲಿ ಕೂಸಿನ ಹಾಲಿನ ಬಾಟಲಿ ಇತ್ತು. ದಾರಿಯಲ್ಲಿ ಹಸಿದರೆ ಬೇಕಾದೀತೆಂದು ನೀರು ಬೆರೆಸಿಯೇ ತಂದಿದ್ದಳು. ಕಾಗವಾಡ ದಾಟುವಾಗ ಕೂಸು ಬಾಯಿ ಆಡಿಸಿತು.

"ಕುಡಸ್ಲೇನವಾ?" ಎಂದು ನರ್ಸನ್ನು ಕೇಳಿದಳು.

"ಬ್ಯಾಡ್ರಿ. ಉಸಿರಾಡೂದ ಕಷ್ಟ ಐತಿ, ನೆತ್ತಿಗೆ ಹತ್ತತೈತಿ" ಎಂದಳು ನರ್ಸು.

ಆ ಹುಡುಗಿಗೆ ನೀರಿನ ವಿಷಯ ಏನೂ ಗೊತ್ತಿರಲಿಲ್ಲ. ಆದರೂ ಆ ಮಾತನ್ನು ನಾನು ಮರೆತಿಲ್ಲ.

ಮಿರಜದ ಡಾಕ್ಟರಮ್ಮ ರಕ್ತದ ಬಣ್ಣ ನೋಡಿದ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ. ಅವರಿಗೆ ಕನ್ನಡ ಬರುತ್ತಿತ್ತು.

"ಕೂಸಿಗೆ ಯಾವ ನೀರು ಕೊಟ್ಟೀರಿ? ಗೊಬ್ಬರ ಇಳಿದ ಹೊಲದ ಬಾವೀದೇನು?"

"ಇಲ್ರಿ ಡಾಕ್ಟರ ಬಾಯಿ" ಎಂದಳು ಅಕ್ಕ. "ಚಲೋ ನೀರರಿ. ನಳದ್ದು. ಕುದಿಸಿ ಕೊಟ್ಟೇನಿ."

"ಕುದಿಸಿದರ ಹುಳಾ ಸಾಯ್ತಾವು. ನೀರಾಗ ಕರಗಿದ್ದು ಹೋಗೂದಿಲ್ಲ. ಯಾವ ನಳ?"

ಅಕ್ಕ ದಾಜಿಯ ಮುಖ ನೋಡಿದಳು. ಉತ್ತರ ಅವರೇ ಹೇಳಲಿ ಎಂಬಂತೆ, ಆಗಲೂ ಸ್ವಲ್ಪ ಹೆಮ್ಮೆಯಿಂದಲೇ ನೋಡಿದಳು ಎಂದು ನನ್ನ ನೆನಪು. ದಾಜಿ ಗೋಡೆಗೆ ಒರಗಿ ನಿಂತಿದ್ದರು.

"ಆ ನಳಾ ನಂದರಿ" ಎಂದರು. "ಎಸಿ ಮಷೀನಿನ ಲೈನಿಗೆ ಕೂಡಿಸಿದ್ದು. ಅದರಾಗ ತುಕ್ಕಿನ ಔಷಧ ಹಾಕ್ತಾರ. ನಾ ಕಣ್ಣಾರೆ ನೋಡೇನಿ."

ಡಾಕ್ಟರಮ್ಮ ಅವರನ್ನು ಬಯ್ಯಲಿಲ್ಲ. ಮಿಸ್ತ್ರಿಯ ಫೋನ್ ನಂಬರು ಕೇಳಿದರು. ಕ್ಯಾನಿನ ಮೇಲೆ ಬರೆದದ್ದನ್ನು ಅವನ ಬಾಯಿಂದ ಓದಿಸಿಕೊಂಡರು. ಅದರಲ್ಲಿರುವ ಉಪ್ಪು ರಕ್ತಕ್ಕೆ ಆಕ್ಸಿಜನ್ ಹೊರಲು ಬಿಡುವುದಿಲ್ಲ, ಗೊಬ್ಬರದ ಉಪ್ಪೂ ಎಳೆಕೂಸಿನ ಹೊಟ್ಟೆಯಲ್ಲಿ ಅದೇ ಆಗುತ್ತದೆ ಎಂದರು. ನಂತರ ನರ್ಸಿಗೆ ಇಂಜೆಕ್ಷನ್ ಹೇಳಿದರು. ಔಷಧಿ ಶಾಯಿಯಂಥ ನೀಲಿ. ನೀಲಿಗಟ್ಟಿದ ಕೂಸಿಗೆ ನೀಲಿಯನ್ನೇ ಏರಿಸುವುದನ್ನು ನೋಡಿ ಅಕ್ಕ ಕೈ ಅಡ್ಡ ಹಿಡಿದಳು. ಅವಳನ್ನು ಹೊರಗೆ ಕರೆತಂದೆ. ನಾವು ಬಾಗಿಲ ಗಾಜಿನಿಂದ ನೋಡುತ್ತ ನಿಂತೆವು. ಸಂಜೆ ಬಿಸಿಲು ಇನ್ನೂ ಇರುವಾಗಲೇ ತುಟಿಯ ಅಂಚು ಕೆಂಪಾಗತೊಡಗಿತು. ಆಮೇಲೆ ಅಳು ಕೇಳಿತು, ಈ ಸಲ ದನಿ ಇತ್ತು.

ಮಿರಜದಿಂದ ಹೋದ ಫೋನಿನ ಮೇಲೆ ಆಸ್ಪತ್ರೆಯವರು ನಳ ಕೀಳಿಸಿದರು. ಆ ದಿನ ನೀರು ಕುಡಿದವರಲ್ಲಿ ಹಲವರಿಗೆ ತಲೆನೋವು, ವಾಂತಿ ಆಗಿತ್ತು. ಕಾವಲುಗಾರ ಬಿಸಿಲಿನದೆಂದು ತಿಳಿದು ಮನೆಗೆ ಹೋಗಿ ಮಲಗಿದ್ದ. ಎಲ್ಲರನ್ನೂ ಹುಡುಕಿ ಕರೆಸಿ ನೋಡಿದರು. ಎಲ್ಲರೂ ಚೇತರಿಸಿಕೊಂಡರು. ನನ್ನದೇ ಮನೆಯ ಸಂಗತಿಯಾದ್ದರಿಂದ ಅದನ್ನು ನಾನು ಬರೆಯುವುದಿಲ್ಲ ಎಂದು ಕಚೇರಿಗೆ ತಿಳಿಸಿದೆ. ಬೇರೆಯವರು ಬರೆದರು. ಸುದ್ದಿ ಚಿಕ್ಕದಿತ್ತು, ಸರಿಯಾಗಿತ್ತು.

ಕೂಸು ಮನೆಗೆ ಬಂದ ಮೇಲೆ ಅಕ್ಕ ದಾಜಿಯೊಡನೆ ಮಾತು ಬಿಡಲಿಲ್ಲ, ಜಗಳವನ್ನೂ ಆಡಲಿಲ್ಲ. ತಲೆಗೆ ನಳ ಕೂಡಿಸುವ ಚೇಷ್ಟೆ ಮಾತ್ರ ನಿಂತುಹೋಯಿತು. ಒಮ್ಮೆ ನನಗೆ ಹೇಳಿದಳು: "ಅವರು ಬರೇ ನಳಾ ಕೂಡಿಸಿದರು. ಊರ ಮಂದಿಗೆಲ್ಲಾ ತೋರಿಸಿದಾಕಿ ನಾನು. ಕೂಸಿನ ಬಾಯಿಗೆ ಹಾಕಿದಾಕಿನೂ ನಾನs."

ದಾಜಿಯನ್ನು ಕಾಡಿದ್ದು ಬೇರೆ. ಕೆಲವು ದಿನಗಳ ನಂತರ ಅವರು ಚಿಕ್ಕೋಡಿಗೆ ನನ್ನ ಮನೆಗೆ ಬಂದರು. ಚಹಾ ಮುಟ್ಟಲಿಲ್ಲ. ಹೆಂಡತಿಯ ತಮ್ಮನಾದ ನನ್ನನ್ನು ಅವರು ಕರೆಯುವುದು ಪಾವಣ್ಯಾರ, ಅಂದರೆ ನೆಂಟರೇ, ಎಂದು.

"ಪಾವಣ್ಯಾರ, ಈಗ ಎಲ್ಲಾರೂ ಹೊಲಕ್ಕ ಡ್ರಿಪ್ ಮಾಡಸ್ಯಾರ. ಗೊಬ್ಬರಾನೂ ಪೈಪಿನಾಗs ಬಿಡ್ತಾರ."

ನನಗೆ ಮೊದಲು ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ನಳಗಳನ್ನು ಕೂಡಿಸಿದ ಕಾಲಕ್ಕೆ ಪೈಪಿನಲ್ಲಿ ಬರುತ್ತಿದ್ದದ್ದು ಬರೀ ಹೊಳೆಯ ನೀರು. ಈಗ ಎಷ್ಟೋ ಲೈನುಗಳಿಗೆ ನಡುವೆ ಗೊಬ್ಬರ ಕರಗಿಸುವ ಟಾಕಿ ಜೋಡಿಸಿದ್ದಾರೆ. ಟಾಕಿ ದಾಟಿದ ಮೇಲೆ ಪೈಪಿನಲ್ಲಿ ಹರಿಯುವುದು ಗೊಬ್ಬರದ ನೀರು. ಅಂಥ ಲೈನುಗಳಲ್ಲಿ ಅವರ ನಳ ಟಾಕಿಗಿಂತ ಮುಂದಿದೆಯೋ ಹಿಂದಿದೆಯೋ ಎಂದು ಯಾರೂ ನೋಡಿಲ್ಲ.

"ಮಾಲೀಕರು ನಳಾ ಮರತಾರ. ಕುಡಿಯೂ ಮಂದಿಗೆ ಟಾಕಿ ಗೊತ್ತಿಲ್ಲ. ಎರಡೂ ಗೊತ್ತಿದ್ದಾಂವ ನಾ ಒಬ್ಬನs" ಎಂದರು.

ಅವರು ಹೊಸ ಕೆಲಸ ಹಿಡಿಯುವುದನ್ನು ನಿಲ್ಲಿಸಿ ಹಳೆಯ ಲೈನುಗಳ ಗುಂಟ ಓಡಾಡತೊಡಗಿದರು. ಟಾಕಿಗಿಂತ ಹಿಂದಿದ್ದ, ಬರೀ ಹೊಳೆ ನೀರು ಬರುವ ನಳಗಳನ್ನು ಉಳಿಸಿದರು. ಉಳಿದವನ್ನು ಕಿತ್ತು ಬೂಚು ಹಾಕಿದರು. ಬಿಡುವಿದ್ದ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ಕುಡಚಿಯ ಆಚೆ ಒಬ್ಬ ರೈತರು ವಿಷಯ ಕೇಳಿ ತಾವೇ ಪಾನಾ ಹಿಡಿದರು. ಉಳಿದ ಕಡೆ ಅಷ್ಟು ಸುಲಭವಾಗಿರಲಿಲ್ಲ. "ಕುಡಿಯೂ ನೀರಿಗೆ ಬೂಚ್ ಹಾಕೂದಂದರ ಏನ್ರಿ, ಎಲೆಕ್ಷನ್ ಗೆದ್ದೀರೇನು?" ಎಂದು ಒಬ್ಬ ಕೇಳಿದ.

ದಿಗ್ಗೇವಾಡಿಯ ಹತ್ತಿರ ಹೊಲದ ದಾರಿಯಲ್ಲಿ ಒಂದು ನಳವಿತ್ತು. ಗೊಬ್ಬರದ ಟಾಕಿ ಅಲ್ಲಿಂದ ಮೇಲೆ, ಕಬ್ಬಿನ ನಡುವಿನ ಶೆಡ್ಡಿನಲ್ಲಿತ್ತು. ದಾಜಿ ಪಾನಾ ಹಾಕುವಾಗ ಕಳೆ ತೆಗೆಯಲು ಹೊರಟಿದ್ದ ವಯಸ್ಸಾದ ಒಬ್ಬ ಆಯಿ ಕೊಡ ಹಿಡಿದು ಬಂದಳು.

"ಏನ್ ಮಾಡಾಕತ್ತೀಪಾ?"

"ಬಂದ್ ಮಾಡಾಕತ್ತೇನಿ ಆಯಿ. ಇದರಾಗ ಗೊಬ್ಬರದ ನೀರು ಬರತೈತಿ."

"ಗೊಬ್ಬರಾ ಬಿಡೂದು ವಾರಕ್ಕೊಮ್ಮೆ. ಅವತ್ತ ನೀರಿನ ರುಚೀನs ಬ್ಯಾರೆ ಇರತೈತಿ, ನಾವು ಕುಡಿಯೂದಿಲ್ಲ. ಉಳಿದ ದಿನಾ ಏನ್ ಆಗತೈತಿ ನಿನಗ?"

"ಸಣ್ಣ ಕೂಸಿಗೆ ರುಚಿ ತಿಳಿಯೂದಿಲ್ಲ ಆಯಿ."

"ನಮ್ಮ ಗ್ಯಾಂಗಿನಾಗ ಸಣ್ಣ ಕೂಸು ಯಾರದೂ ಇಲ್ಲ. ನನ್ನ ಬಾಯಾಗ ಹಲ್ಲs ಇಲ್ಲ, ಬೇಕಾದರ ನನ್ನs ಕೂಸ ಅನ್ನು" ಎಂದು ಅವಳು ನಕ್ಕಳು. ದಾಜಿ ನಗಲಿಲ್ಲ. ಪೈಪಿನ ತಿರುಪಿಗೆ ಟೇಪು ಸುತ್ತಿ ಬೂಚು ತಿರುಗಿಸಿದರು. ಒಂದು ಪಾನಾದಿಂದ ಪೈಪು ಹಿಡಿದು, ಇನ್ನೊಂದರಿಂದ ಬಿಗಿದರು. ಕಬ್ಬಿಣದ ಪೈಪಿಗೆ ಅದು ಬೇಕಿರಲಿಲ್ಲ. ಆಮೇಲೆ ಅವಳ ಕೈಯಿಂದ ಕೊಡ ತೆಗೆದುಕೊಂಡು ಕಬ್ಬಿನೊಳಗೆ ನಡೆದರು, ಶೆಡ್ಡಿನಲ್ಲಿ ಟಾಕಿಗಿಂತ ಹಿಂದಿನ ವಾಲ್ವಿನಿಂದ ತುಂಬಿಸಿ ಹೊತ್ತು ತಂದರು.

"ಇವತ್ತ ನೀ ತಂದಿ. ನಾಳೆ ಯಾರು ತರತಾರ?" ಎಂದಳು ಆಯಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಾಜಿ ಕಿತ್ತ ನಳವನ್ನು ಚೀಲಕ್ಕೆ ಹಾಕಿಕೊಂಡರು.

ಮರುವರ್ಷದ ಬೇಸಿಗೆಯಲ್ಲಿ ಸುದ್ದಿಯ ಕೆಲಸಕ್ಕೆ ನಾನು ಅದೇ ದಾರಿಯಲ್ಲಿ ಹೋಗಬೇಕಾಯಿತು. ತಗ್ಗಿನಲ್ಲಿ ಬೂಚು ಇರಲಿಲ್ಲ. ಅದರ ಜಾಗದಲ್ಲಿ ಹೊಸ ಪ್ಲಾಸ್ಟಿಕ್ ನಳ. ಯಾರೋ ಚೆನ್ನಾಗಿಯೇ ಕೂಡಿಸಿದ್ದರು, ಒಂದು ಹನಿಯೂ ಸೋರುತ್ತಿರಲಿಲ್ಲ. ಕೆಳಗೆ ಕೊಡ ಇಡಲು ಒಂದು ಹಾಸುಗಲ್ಲನ್ನೂ ತಂದು ಹಾಕಿದ್ದರು. ಗಾಡಿ ನಿಲ್ಲಿಸಿ ದಾಜಿಗೆ ಫೋನ್ ಮಾಡಿದೆ.

ಕಂಡದ್ದನ್ನು ಹೇಳಿದೆ. ಹಿಂದಿನಿಂದ ಕೂಸಿನ ಸದ್ದು ಕೇಳುತ್ತಿತ್ತು. ಏನನ್ನೋ ನೆಲಕ್ಕೆ ಬಡಿದು ಬಡಿದು ಆಡುತ್ತಿತ್ತು.

"ಮ್ಯಾಲೆ ಶೆಡ್ಡಿನಾಗ ಗೊಬ್ಬರದ ಮೋಟಾರ್ ಚಾಲೂ ಐತೇನು?"

"ಸದ್ದು ಬರಾಕತ್ತೇತ್ರಿ."

"ನಾ ಪಾನಾ ತಗೊಂಡು ಹೊಂಟೆ. ನೀವು ಅಲ್ಲೇ ನಿಂದರ್ರಿ ಪಾವಣ್ಯಾರ. ನಾ ಬರೂ ತನಕ ಯಾರಿಗೂ ಕುಡ್ಯಾಕ ಬಿಡಬ್ಯಾಡ್ರಿ."

ಹೋಗಬೇಕಾಗಿದ್ದ ಕೆಲಸಕ್ಕೆ ಬರುವುದಿಲ್ಲವೆಂದು ಕಚೇರಿಗೆ ತಿಳಿಸಿ ನಳದ ಪಕ್ಕದ ಕಲ್ಲಿನ ಮೇಲೆ ಕುಳಿತೆ. ಬಿಸಿಲು ಜೋರಾಗಿತ್ತು. ಕಬ್ಬಿನ ಆಚೆಯಿಂದ ಹೆಣ್ಣಾಳುಗಳ ಒಂದು ಗುಂಪು ಖಾಲಿ ಬಾಟಲಿಗಳನ್ನು ಹಿಡಿದು ಮಾತಾಡುತ್ತ ನಳದ ಕಡೆಗೇ ಬರುತ್ತಿತ್ತು. ಅವರಲ್ಲಿ ಒಬ್ಬಳ ಕಂಕುಳಲ್ಲಿ ಕೂಸಿತ್ತು. ನಾನು ಎದ್ದು ನಳಕ್ಕೆ ಅಡ್ಡವಾಗಿ ನಿಂತೆ.